ಮಳೆಗಾಲದಲ್ಲಿ ಬಾಗಿಲು ಹಾಕುತ್ತಿದ್ದ ಗ್ಯಾಲರಿ: ಒಂದು ಪ್ರಕರಣ ಅಧ್ಯಯನ

ಕರಾವಳಿಯ ಒಂದು ಊರಿನಲ್ಲಿ ಟ್ರಸ್ಟೊಂದು ಸಮಕಾಲೀನ ಕಲೆಯ ಗ್ಯಾಲರಿ ನಡೆಸುತ್ತಿದೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು. ವರ್ಷಕ್ಕೆ ನಾಲ್ಕು ಹೊಸ ಪ್ರದರ್ಶನ ಮಾಡುತ್ತೇವೆ ಎಂದು ಶುರುವಿನಲ್ಲೇ ಹೇಳಿಕೊಂಡಿದ್ದರು, ಮಾಡಿಯೂ ತೋರಿಸಿದರು. ಕೃತಿಗಳು ಚೆನ್ನಾಗಿದ್ದವು. ಕಲಾವಿದರಿಗೆ ಗೌರವಧನ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು, ಇದು ನಮ್ಮಲ್ಲಿ ಸಣ್ಣ ಮಾತಲ್ಲ. ಆದರೆ ಊರಿನ ಜನ ಮಾತ್ರ ಒಳಗೆ ಬರಲಿಲ್ಲ. ಒಮ್ಮೆ ಬಂದವರೂ ಇನ್ನೊಮ್ಮೆ ಬರಲಿಲ್ಲ.

ಪ್ರದರ್ಶನ ಬದಲಾಗುವಾಗಲೆಲ್ಲ ಕೃತಿಗಳನ್ನು ಗೋಡೆಗೆ ಹಾಕುವುದು, ಇಳಿಸುವುದು, ದೀಪ ಹೊಂದಿಸುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಸಭೆಯಲ್ಲಿ ನಡೆದ ಮಾತೂ ಗೊತ್ತು, ಫ್ರೇಮಿನ ಹಿಂದೆ ನಡೆದದ್ದೂ ಗೊತ್ತು. ಟ್ರಸ್ಟಿನವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರು, ಸಂಸ್ಥೆ, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ಕಟ್ಟಡ, ದುಡ್ಡು, ಕ್ಯಾಲೆಂಡರ್

ಕಟ್ಟಡ ಮೊದಲು ಗೋದಾಮಾಗಿತ್ತು. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಮುಂದೆ ಉದ್ದಕ್ಕೆ ಜಗಲಿ. ಒಳಗೆ ಒಂದು ದೊಡ್ಡ ಹಾಲ್, ಅದರ ಹಿಂದೆ ನಡುಕೋಣೆ, ತೀರಾ ಹಿಂದೆ ಒಂದು ಸಣ್ಣ ಕೋಣೆ. ಎದುರಿಗೇ ಬಸ್ ಸ್ಟಾಪ್. ನೋಡಿದರೆ ಇಷ್ಟು ಒಳ್ಳೆ ಜಾಗ ಇನ್ನೆಲ್ಲಿ ಸಿಗುತ್ತದೆ ಅನ್ನಿಸುತ್ತದೆ. ರಿಪೇರಿ ಮಾಡುವಾಗ ಹೆಂಚಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿ ಎಸಿ ಕೂರಿಸಿದರು. ಗೋಡೆಗೆಲ್ಲ ಬಿಳಿ ಬಣ್ಣ ಬಂತು.

ದುಡ್ಡು ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯದ್ದು. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕಲೆ, ಸಂಸ್ಕೃತಿಯೂ ಆ ಪಟ್ಟಿಯಲ್ಲಿದೆ. ಕಂಪನಿಯ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್. ಮೂರು ತಿಂಗಳಿಗೊಮ್ಮೆ ವರದಿ ಕೇಳುತ್ತಾರೆ. ಯೋಜನೆ ಬರೆದುಕೊಟ್ಟವರು ಬೆಂಗಳೂರಿನ ಒಬ್ಬ ಸಲಹೆಗಾರರು. ಅವರು ಮೂರು ತಿಂಗಳಿಗೊಂದು ವರದಿ, ಒಂದು ವರದಿಗೊಂದು ಪ್ರದರ್ಶನ ಎಂದು ಲೆಕ್ಕ ಹಾಕಿ ವರ್ಷವನ್ನು ನಾಲ್ಕು ಭಾಗ ಮಾಡಿದರು. ಪ್ರತಿ ಭಾಗಕ್ಕೂ ಋತುವಿನ ಹೆಸರು ಕೊಟ್ಟರು. ಕಾಗದದ ಮೇಲೆ ಬಹಳ ಚಂದ ಕಾಣಿಸುತ್ತಿತ್ತು.

ಒಂದು ಪ್ರದರ್ಶನ ಇಳಿಸಿ ಇನ್ನೊಂದು ಏರಿಸಲು ಸುಮಾರು ಮೂರು ವಾರ ಬೇಕು. ಹಳೆ ಕೃತಿಗಳನ್ನು ಪರೀಕ್ಷೆ ಮಾಡಿ ಪ್ಯಾಕ್ ಮಾಡಬೇಕು, ಮೊಳೆ ತೂತುಗಳನ್ನು ಪುಟ್ಟಿ ಹಾಕಿ ಮುಚ್ಚಬೇಕು, ಬಣ್ಣ ಬಳಿಯಬೇಕು, ಅಡ್ಡಗೋಡೆ ಬದಲಿಸಬೇಕು, ಹೊಸ ಕೃತಿಗಳು ಲಾರಿಯಿಂದ ಇಳಿಯಬೇಕು. ಅಷ್ಟೂ ದಿನ ಗ್ಯಾಲರಿಗೆ ಬೀಗ. ಪ್ರತಿ ತ್ರೈಮಾಸಿಕದ ಮೊದಲ ವಾರಗಳಲ್ಲೇ ಈ ಬೀಗ ಬೀಳುತ್ತಿತ್ತು: ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ.

ಈ ನಾಲ್ಕು ತಿಂಗಳ ಹೆಸರು ಓದಿದಾಗ ಕರಾವಳಿಯವರಿಗೆ ಏನೋ ಸರಿಯಿಲ್ಲ ಅಂತ ಹೊಳೆಯಬೇಕು. ನಮಗೆ ಯಾರಿಗೂ ತಕ್ಷಣ ಹೊಳೆಯಲಿಲ್ಲ.

ಮೊದಲು ಮಾಡಿದ ಮಾಮೂಲಿ ಕೆಲಸಗಳು

ಜನ ಬರುತ್ತಿಲ್ಲ ಅಂದಾಗ ಎಲ್ಲರೂ ಮಾಡುವುದನ್ನೇ ಇವರೂ ಮಾಡಿದರು. ಬ್ಯಾನರ್, ಇನ್‌ಸ್ಟಾಗ್ರಾಂ ರೀಲ್, ಆಟೋದಲ್ಲಿ ಮೈಕ್. ಉದ್ಘಾಟನೆಗೆ ದೊಡ್ಡ ಅತಿಥಿ. ಉದ್ಘಾಟನೆಯ ಸಂಜೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮರುದಿನ ಕಾವಲಿನವರು ಮತ್ತು ಫ್ಯಾನು ಮಾತ್ರ. ಉದ್ಘಾಟನೆಗೆ ಬಂದವರು ಒಬ್ಬರನ್ನೊಬ್ಬರು ನೋಡಲು ಬಂದವರು, ಅಷ್ಟೇ. ಶಾಲೆಗಳಿಗೆ ಬಸ್ ಕಳಿಸಿದರು. ಮಕ್ಕಳು ಸಾಲಾಗಿ ಬಂದು ಸಾಲಾಗಿ ಹೋದರು.

ಬಾಗಿಲಲ್ಲಿ ಒಂದು ರಿಜಿಸ್ಟರ್ ಇತ್ತು. ಹೆಸರು, ಊರು, ಫೋನ್ ನಂಬರ್, ಸಹಿ. ಕಂಪನಿಗೆ ಲೆಕ್ಕ ಬೇಕಲ್ಲ, ಅದಕ್ಕೆ. ಕಾವಲಿಗೆ ಇದ್ದವರು ಮೊದಲು ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಯಾರಾದರೂ ಮೆಟ್ಟಿಲು ಹತ್ತಿದರೆ ಅವರ ಬಾಯಿಗೆ ಮೊದಲು ಬರುತ್ತಿದ್ದ ಮಾತು "ಎಂತ ಆಗ್ಬೇಕಿತ್ತು?" ಪಾಪ, ಗದರುವ ಧ್ವನಿಯಲ್ಲ. ಆದರೆ ಸುಮ್ನೆ ಒಳಗೆ ಹೋಗಿ ನೋಡಬೇಕು ಅಂದುಕೊಂಡವರಿಗೆ ಆ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಅರ್ಧ ಜನ "ಇಲ್ಲ, ಎಂತ ಇಲ್ಲ" ಅಂತ ಇಳಿದುಬಿಡುತ್ತಿದ್ದರು. ರಿಜಿಸ್ಟರ್ ತೆಗೆದು, ಬೆರಳಲ್ಲಿ ಒತ್ತುವ ಎಣಿಕೆ ಯಂತ್ರ ಕೊಟ್ಟರು. "ಬನ್ನಿ, ನೋಡಿ" ಅನ್ನಿ ಎಂದು ಹೇಳಿದರು. ಸ್ವಲ್ಪ ಗುಣ ಕಂಡಿತು. ಜಾಸ್ತಿ ಏನಲ್ಲ.

ಜುಲೈಯಲ್ಲಿ ಇಳಿಸಿದ ಜಲವರ್ಣಗಳು

ಎರಡನೇ ವರ್ಷದ ಮೊದಲ ಪ್ರದರ್ಶನ ಒಬ್ಬ ಹಿರಿಯ ಕಲಾವಿದರ ಜಲವರ್ಣಗಳದ್ದು. ಏಪ್ರಿಲ್ ಕೊನೆಗೆ ಶುರುವಾಗಿ ಜೂನ್ ಮುಗಿಯುವವರೆಗೆ ಗೋಡೆ ಮೇಲಿತ್ತು. ಜುಲೈಯಲ್ಲಿ ಇಳಿಸಲು ಹೋದೆವು. ಮೊದಲ ಫ್ರೇಮ್ ತೆಗೆದಾಗ ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿತ್ತು. ಹಿಂದಿನ ಹಲಗೆ ಕೈಗೆ ಒದ್ದೆ ಒದ್ದೆ. ಬಿಚ್ಚಿ ನೋಡಿದರೆ ಆಕಾಶ ಬಿಡಿಸಿದ್ದ ಭಾಗದಲ್ಲಿ ಕಂದು ಚುಕ್ಕೆಗಳು. ಅಂಚಿನಲ್ಲಿ ಬೂದು ಬಣ್ಣದ ನಯವಾದ ಬೂಷ್ಟು. ಆ ಸಾಲಿನ ಬೇರೆ ಫ್ರೇಮ್‌ಗಳೂ ಹಾಗೇ ಇದ್ದವು.

ಎಸಿ ಇತ್ತಲ್ಲ, ಹೇಗಾಯಿತು ಎಂದು ಎಲ್ಲರೂ ಕೇಳಿದರು. ಆಗಿದ್ದು ಎಸಿಯಿಂದಲೇ, ಅಂದರೆ ಎಸಿಯನ್ನು ಬಳಸಿದ ರೀತಿಯಿಂದ. ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಆರಕ್ಕೆ ಆರಿಸುತ್ತಿದ್ದರು. ಹಗಲಲ್ಲಿ ಗೋಡೆ, ಗಾಜು ಎಲ್ಲ ತಂಪಾಗುತ್ತಿತ್ತು. ರಾತ್ರಿ ಹೆಂಚಿನ ಸಂದಿನಿಂದ, ಕಿಟಕಿ ಸಂದಿನಿಂದ ಹೊರಗಿನ ಗಾಳಿ ನುಗ್ಗುತ್ತಿತ್ತು. ನಮ್ಮ ಜೂನ್, ಜುಲೈಯ ಗಾಳಿಯಲ್ಲಿ ತೇವಾಂಶ ಶೇ. 90ರ ಆಸುಪಾಸು. ಅದು ತಂಪು ಗಾಜಿಗೆ ತಾಗಿದರೆ ನೀರಾಗಲೇಬೇಕು. ಮೇಲಿಂದ ಫ್ರೇಮ್‌ಗಳನ್ನು ಗೋಡೆಗೆ ಅಂಟಿದ ಹಾಗೆ ಹಾಕಲಾಗಿತ್ತು. ಮುರಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಹಿಂದಿನಿಂದ ಪಸೆ, ಮುಂದಿನಿಂದ ಮಂಜು. ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುವ ಅಪಾಯ ಶುರುವಾಗುತ್ತದೆ. ಇಲ್ಲಿ ದಿನಕ್ಕೊಮ್ಮೆ ಒಣಗಿ ದಿನಕ್ಕೊಮ್ಮೆ ನೆನೆಯುತ್ತಿತ್ತು. ಒಂದೇ ಸಮ ತೇವ ಇದ್ದಿದ್ದರೂ ಇದಕ್ಕಿಂತ ವಾಸಿಯಿತ್ತೋ ಏನೋ.

ವಿಮೆ ಮಾಡಿಸಿದ್ದರು. ದುಡ್ಡು ಬರಲಿಲ್ಲ. ಬೂಷ್ಟು, ಹವೆಯಿಂದ ನಿಧಾನಕ್ಕೆ ಆಗುವ ಹಾನಿ ಇವೆಲ್ಲ ಸಾಮಾನ್ಯವಾಗಿ ಪಾಲಿಸಿಯ ಹೊರಗೇ ಇರುತ್ತವೆ. ಕಳ್ಳತನ, ಬೆಂಕಿ, ಸಾಗಿಸುವಾಗ ಒಡೆಯುವುದು ಇಂಥವಕ್ಕೆ ಕೊಡುತ್ತಾರೆ. ಗ್ಯಾಲರಿ ನಡೆಸುವವರು ಆ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಟ್ರಸ್ಟಿನವರು ತಮ್ಮ ಖರ್ಚಿನಲ್ಲಿ ಕಾಗದದ ಸಂರಕ್ಷಣೆ ಗೊತ್ತಿರುವವರಿಗೆ ಚಿತ್ರಗಳನ್ನು ಕಳಿಸಿದರು. ಕೆಲವು ಉಳಿದವು. ಕಲಾವಿದರು ದೊಡ್ಡ ಮನಸ್ಸಿನವರು, ಕೂಗಾಡಲಿಲ್ಲ. ಆದರೆ ಮುಂದಿನ ಸಲ ಕೃತಿ ಕೇಳಿದಾಗ ಕೊಡಲಿಲ್ಲ.

ಅದೇ ಜುಲೈಯಲ್ಲಿ ಹೊಸ ಪ್ರದರ್ಶನಕ್ಕೆ ಗೋಡೆಗೆ ಬಣ್ಣ ಬಳಿದರು. ಒಣಗಬೇಕಲ್ಲ! ಎರಡನೇ ಕೋಟ್‌ಗೆ ಮೊದಲಿನದ್ದು ಕೈಗೆ ಹತ್ತುತ್ತಿತ್ತು. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಅಡ್ಡಗೋಡೆ ಕೆಳಗಿನಿಂದ ಉಬ್ಬಿಕೊಂಡಿತು. ಮೂರು ವಾರ ಹೋಗಿ ಐದು ವಾರವಾಯಿತು. ಬಾಗಿಲಲ್ಲಿ "ಹೊಸ ಪ್ರದರ್ಶನಕ್ಕಾಗಿ ಮುಚ್ಚಲಾಗಿದೆ" ಅನ್ನುವ ಚೀಟಿ. ಯಾವಾಗ ತೆರೆಯುತ್ತದೆ ಅಂತ ಚೀಟಿಯಲ್ಲಿ ಬರೆದಿರಲಿಲ್ಲ. ಬರೆಯುವಷ್ಟು ಧೈರ್ಯ ಯಾರಿಗೂ ಇರಲಿಲ್ಲ.

ಗೋಡೆ ಕ್ಯಾಲೆಂಡರಿನ ಮೇಲೆ ಕೆಂಪು ಗೆರೆ

ತಿರುವು ಬಂದದ್ದು ಒಂದು ಸಭೆಯಲ್ಲಿ. ಕಚೇರಿ ನೋಡಿಕೊಳ್ಳುತ್ತಿದ್ದ ಹುಡುಗಿ ತಿಥಿ, ನಕ್ಷತ್ರ ಎಲ್ಲ ಇರುವ ಮಾಮೂಲಿ ಗೋಡೆ ಕ್ಯಾಲೆಂಡರ್ ತಂದು ಮೇಜಿನ ಮೇಲೆ ಹರಡಿದಳು. ಗ್ಯಾಲರಿ ಮುಚ್ಚಿದ ವಾರಗಳ ಮೇಲೆ ಕೆಂಪು ಗೆರೆ ಎಳೆದಿದ್ದಳು. ಊರಿನಲ್ಲಿ ಏನೇನು ನಡೆಯುತ್ತದೆ ಅನ್ನುವುದನ್ನು ಪೆನ್ಸಿಲ್‌ನಲ್ಲಿ ಬರೆದಿದ್ದಳು.

ಏಪ್ರಿಲ್ ಗೆರೆಯ ಕೆಳಗೆ "ಶಾಲೆ ರಜೆ". ಪರೀಕ್ಷೆ ಮುಗಿದು ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅನ್ನುವ ಹೊತ್ತಿಗೆ ನಮ್ಮಲ್ಲಿ ಬೀಗ. "ಇಬ್ಬರು ಮಕ್ಕಳನ್ನು ಕರ್ಕೊಂಡು ಒಬ್ರು ಅಮ್ಮ ಎರಡು ಸಲ ಬಂದು ವಾಪಸ್ ಹೋದ್ರು ಮೇಡಂ, ಮೂರನೇ ಸಲ ಬರ್ಲಿಲ್ಲ" ಅಂದಳು ಅವಳು. ಅಕ್ಟೋಬರ್ ಗೆರೆಯ ಕೆಳಗೆ "ನವರಾತ್ರಿ, ದಸರಾ ರಜೆ". ಪೇಟೆಯೆಲ್ಲ ಜನ, ನಮ್ಮಲ್ಲಿ ಬೀಗ. ಜನವರಿ ಶುರುವಿನ ಗೆರೆಯ ಕೆಳಗೆ "ಮುಂಬೈ, ಗಲ್ಫ್‌ನವರು ಊರಲ್ಲಿ". ಜುಲೈ ಗೆರೆಯ ಕೆಳಗೆ ಏನೂ ಇರಲಿಲ್ಲ, ಖಾಲಿ.

ಆ ಖಾಲಿಯನ್ನು ನೋಡಿ ಒಬ್ಬ ಟ್ರಸ್ಟಿ ಹೇಳಿದ ಮಾತು ಇಡೀ ಸಭೆಯ ದಿಕ್ಕು ಬದಲಿಸಿತು. ಅವರು ಯಕ್ಷಗಾನದ ಹುಚ್ಚಿನವರು. "ಪತ್ತನಾಜೆ ಆದ ಮೇಲೆ ಇಲ್ಲಿ ಎಂತ ಉಂಟು ಮಾರಾಯ್ರೆ?" ಅಂದರು. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಬರುವುದು ಮೇ 24ರ ಸುಮಾರಿಗೆ. ಆವತ್ತು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ದೈವಗಳ ನೇಮ, ಜಾತ್ರೆ ಎಲ್ಲ ನಿಲ್ಲುತ್ತದೆ. ಕಂಬಳ ಅದಕ್ಕೂ ಮೊದಲೇ ಮುಗಿದಿರುತ್ತದೆ. ಮೇಳ ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದು. ನಡುವೆ ಅಷ್ಟಮಿ, ಚೌತಿ ಬರುವವರೆಗೆ, ಅದರಲ್ಲೂ ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ), ಊರಿಗೆ ಊರೇ ಸಪ್ಪೆ. ಯಕ್ಷಗಾನದ ಸಣ್ಣ ತಂಡಗಳಾದ ಚಿಕ್ಕಮೇಳದವರು ಸಂಜೆ ಮನೆಮನೆಗೆ ಬಂದು ಕುಣಿದು ಹೋಗುತ್ತಾರೆ, ಅಷ್ಟೇ. ಅಂದರೆ ನಮಗೆ ಪೈಪೋಟಿಯೇ ಇಲ್ಲದ ಕಾಲ ಅದು. ಆ ಕಾಲದಲ್ಲೇ ನಾವು ಬಣ್ಣ ಒಣಗಲಿ ಅಂತ ಕಾಯುತ್ತಾ ಕೂತಿದ್ದೆವು.

ಕೃತಿ ಆರಿಸಿ ಪ್ರದರ್ಶನ ರೂಪಿಸುವ ಕ್ಯುರೇಟರ್ ಮಳೆಗಾಲದಲ್ಲಿ ತೆರೆಯಲು ಒಪ್ಪಲಿಲ್ಲ. ಜಲವರ್ಣಗಳ ಬಿಸಿ ಇನ್ನೂ ಆರಿರಲಿಲ್ಲ. ಇದೇ ಕಡಲ ದಂಡೆಯ ಕೊಚ್ಚಿ ಬಿಯೆನಾಲೆ ಕಲಾಮೇಳವನ್ನು ನೋಡಿ ಅಂದರು. ಅದು 2012ರಲ್ಲಿ ಶುರುವಾಗಿದ್ದು ಡಿಸೆಂಬರ್ 12ರಂದು. ಆವತ್ತಿನಿಂದ ಅದು ಡಿಸೆಂಬರ್‌ನಲ್ಲಿ ಶುರುವಾಗಿ ಮಳೆಗೆ ಮೊದಲೇ ಮುಗಿಯುವಂಥದ್ದು. ಅಷ್ಟು ದೊಡ್ಡವರೇ 2022ರಲ್ಲಿ ಡಿಸೆಂಬರ್ 12ಕ್ಕೆ ತೆರೆಯಬೇಕಿದ್ದನ್ನು 23ಕ್ಕೆ ಮುಂದೂಡಬೇಕಾಯಿತು, ನಾವು ಆಟಿ ಮಳೆಯಲ್ಲಿ ಏನು ಮಾಡುತ್ತೇವೆ, ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಮುಚ್ಚಿಬಿಡೋಣ ಅನ್ನುವುದು ಅವರ ವಾದ. ಮಾತಿನಲ್ಲಿ ತೂಕ ಇತ್ತು. ಆದರೆ ಬಿಯೆನಾಲೆ ಎರಡು ವರ್ಷಕ್ಕೊಮ್ಮೆ ಬರುವ ಹಬ್ಬ. ಹಬ್ಬಕ್ಕೆ ಒಳ್ಳೆ ದಿನ ಆರಿಸಿಕೊಳ್ಳಬಹುದು. ವರ್ಷವಿಡೀ ಉಚಿತವಾಗಿ ತೆರೆದಿರುತ್ತೇವೆ ಅಂದವರು ವರ್ಷದ ಮೂರನೇ ಒಂದು ಪಾಲು ಬೀಗ ಹಾಕಿದರೆ ಹೇಗೆ?

ಹೀಗೆ ಎಳೆದಾಡುವಾಗ ಪ್ರಶ್ನೆಯೇ ಬದಲಾಯಿತು. ಮಳೆಗಾಲದಲ್ಲಿ ಪ್ರದರ್ಶನ ಬೇಕೋ ಬೇಡವೋ ಅನ್ನುವ ಮಾತು ಹೋಗಿ, ಮಳೆ ತಡೆಯುವಂಥದ್ದು ಏನಿದೆ ಅನ್ನುವ ಮಾತು ಬಂತು. ಮಣ್ಣು ಇದೆ, ಕಬ್ಬಿಣ ಇದೆ, ಕಲ್ಲು ಇದೆ, ಶಬ್ದ ಇದೆ. ಕಾಗದ, ಫೋಟೋ, ಬಟ್ಟೆ ಇವಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಇದೆ. ಒಳಗಿನ ಹವೆಯನ್ನು ಕೃತಿಗೆ ಹೊಂದಿಸಲು ಲಕ್ಷಗಟ್ಟಲೆ ಸುರಿಯುವ ಬದಲು ಕೃತಿಯನ್ನೇ ಹವೆಗೆ ಹೊಂದಿಸಿ ಆರಿಸುವುದು. ಈ ಇಡೀ ಪ್ರಕರಣದಲ್ಲಿ ಮುಖ್ಯ ನಿರ್ಧಾರ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಹೊಸ ಲೆಕ್ಕ

ನಾಲ್ಕರ ಬದಲು ಮೂರು ಪ್ರದರ್ಶನ ಎಂದಾಯಿತು. ಶಾಲೆ ಶುರುವಾಗಿ ಎರಡು ವಾರಕ್ಕೆ, ಅಂದರೆ ಜೂನ್ ಮಧ್ಯಕ್ಕೆ ಮಳೆಗಾಲದ್ದು. ನವರಾತ್ರಿಗೆ ಮೊದಲು ತೆರೆದು ಜನವರಿ ಮುಗಿಯುವವರೆಗೆ ಎರಡನೆಯದು. ಮಾರ್ಚ್ ಮಧ್ಯದಿಂದ ಪತ್ತನಾಜೆವರೆಗೆ ರಜೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮೂರನೆಯದು. ಬದಲಾವಣೆಯ ಕೆಲಸವೆಲ್ಲ ಫೆಬ್ರವರಿ, ಮೇ ಕೊನೆ, ಸೆಪ್ಟೆಂಬರ್‌ಗೆ ಹೋಯಿತು. ಫೆಬ್ರವರಿಯಲ್ಲಿ ಹೇಗೂ ಮನೆಮನೆಯಲ್ಲಿ ಪರೀಕ್ಷೆಯ ಬಿಸಿ. ಮೇ ಕೊನೆಯಲ್ಲಿ ಅಪ್ಪ ಅಮ್ಮ ಶಾಲೆ ಫೀಸು, ಪುಸ್ತಕ, ಕೊಡೆ ಅಂತ ಓಡಾಡುತ್ತಿರುತ್ತಾರೆ.

ಕಂಪನಿಗೆ ನಾಲ್ಕು ಅಂತ ಮಾತು ಕೊಟ್ಟಾಗಿತ್ತು. ಹಿಂದಿನ ಸಣ್ಣ ಕೋಣೆಯನ್ನು ಬೇರೆ ಮಾಡಿ, ಅಲ್ಲಿ ಒಬ್ಬ ಯುವ ಕಲಾವಿದರ ಕೃತಿ ಇಡುತ್ತೇವೆ, ಅದು ನಾಲ್ಕನೆಯದು ಎಂದು ಬರೆದರು. ಸ್ವಲ್ಪ ಜಾಣತನವೇ, ಅಲ್ವಾ? ಆದರೆ ಸುಳ್ಳೂ ಅಲ್ಲ. ಮಾರ್ಚ್ 31ರೊಳಗೆ ದುಡ್ಡು ಮುಗಿಸುವ ಗಡಿಬಿಡಿ ಇನ್ನೊಂದು ತಲೆನೋವಾಗಿತ್ತು. ಅದಕ್ಕೆ ದಾರಿ ತೋರಿಸಿದವರು ಟ್ರಸ್ಟಿನ ಲೆಕ್ಕಪರಿಶೋಧಕರು. 2021ರ ಜನವರಿಯಲ್ಲಿ ನಿಯಮ ತಿದ್ದಿದ ಮೇಲೆ, ಕಂಪನಿಯ ಮಂಡಳಿ ಒಂದು ಕೆಲಸವನ್ನು ಹಲವು ವರ್ಷ ನಡೆಯುವ ಯೋಜನೆ ಎಂದು ಒಪ್ಪಿದರೆ, ಆ ವರ್ಷ ಖರ್ಚಾಗದ ಹಣವನ್ನು ಏಪ್ರಿಲ್ 30ರೊಳಗೆ ಬೇರೆ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷದೊಳಗೆ ಬಳಸಬಹುದು. ಬಹಳಷ್ಟು ಸಣ್ಣ ಟ್ರಸ್ಟ್‌ಗಳು ಇದನ್ನು ಕಂಪನಿಯವರ ಹತ್ತಿರ ಕೇಳುವುದೇ ಇಲ್ಲ. ಇವರು ಕೇಳಿದರು, ಸಿಕ್ಕಿತು. ಮಾರ್ಚ್‌ನಲ್ಲಿ ಸುಮ್ನೆ ದುಬಾರಿ ಲೈಟ್ ಕೊಳ್ಳುವ ಕೆಲಸ ನಿಂತಿತು.

ಇನ್ನೊಂದು ನಿರ್ಧಾರ, ಇಡೀ ಗ್ಯಾಲರಿಗೆ ಒಟ್ಟಿಗೆ ಬೀಗ ಹಾಕುವುದಿಲ್ಲ ಎನ್ನುವುದು. ಒಂದು ಕೋಣೆ ಬದಲಾಗುವಾಗ ಉಳಿದವು ತೆರೆದಿರಬೇಕು. ಕೆಲಸ ನಡೆಯುವ ಕೋಣೆಗೂ ಬಾಗಿಲು ಹಾಕದೆ ಬರೀ ಒಂದು ಹಗ್ಗ ಕಟ್ಟುವುದು. ಕ್ಯುರೇಟರ್‌ಗೆ ಇದು ಊಟಕ್ಕೆ ಕರೆದು ಅಡುಗೆಮನೆಯ ಮುಸುರೆ ತೋರಿಸಿದ ಹಾಗೆ ಕಂಡಿತು. ಒಂದು ಸಲ ನೋಡೋಣ ಅಂತ ಒಪ್ಪಿಸಿದೆವು.

ಬಕೆಟು, ಗೋಣಿ, ತುಕ್ಕು

ಮೊದಲ ಮಳೆಗಾಲದ ಪ್ರದರ್ಶನ ಮಣ್ಣು ಮತ್ತು ಕಬ್ಬಿಣದ್ದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗಿನಿಂದ ಈ ಕಡೆಯ ಮಣ್ಣು ಊರೂರಿನ ತಲೆಯ ಮೇಲೆ ಕೂತಿದೆ. ಒಬ್ಬ ಕಲಾವಿದೆ ಒಡೆದ ಹಳೆ ಹೆಂಚುಗಳನ್ನು ಮನೆಗಳಿಂದ ಕೇಳಿ ತಂದು ದೊಡ್ಡ ಹಾಲಿನ ನೆಲದಲ್ಲಿ ಜೋಡಿಸಿದರು. ಹೆಂಚು ಕೊಟ್ಟ ಮನೆಯವರು "ನಮ್ಮದು ಎಲ್ಲಿ ಉಂಟು?" ಅಂತ ಹುಡುಕಿಕೊಂಡು ಬಂದರು. ಜಗಲಿಯಲ್ಲಿ ಇನ್ನೊಬ್ಬರು ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣದ ತಗಡುಗಳನ್ನು ಸಾಲಾಗಿ ನಿಲ್ಲಿಸಿದರು, ಎರಚಲು ಬೀಳುವ ಹಾಗೆ. ಮಳೆ ಬಂದಷ್ಟೂ ತುಕ್ಕು. ವಾರಕ್ಕೊಂದು ಬಣ್ಣ, ವಾರಕ್ಕೊಂದು ಚಿತ್ರ.

ದೊಡ್ಡ ಹಾಲಿನಲ್ಲಿ ಎಸಿ ಪೂರ್ತಿ ಬಂದ್. ಕಿಟಕಿ ತೆರೆದು ಫ್ಯಾನ್ ಹಾಕಿದೆವು, ಗಾಳಿ ಓಡಾಡಲಿ ಎಂದು. ಹಿಂದಿನ ಸಣ್ಣ ಕೋಣೆಗೆ ಮಾತ್ರ ಬಾಗಿಲು ಹಾಕಿ ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಟ್ಟೆವು, ಹಗಲು ರಾತ್ರಿ ಓಡುವ ಹಾಗೆ. ಅಲ್ಲಿನ ಫ್ರೇಮ್‌ಗಳ ಹಿಂದೆ ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ಚೂರು ಅಂಟಿಸಿದೆವು. ಗೋಡೆಗೂ ಫ್ರೇಮಿಗೂ ನಡುವೆ ಗಾಳಿಗೆ ಜಾಗ ಬೇಕು. ಕಡಿಮೆ ಖರ್ಚಿನ ಉಪಾಯ, ಕೆಲಸ ಮಾಡುತ್ತದೆ.

ಇನ್ನು ಜಗಲಿಯ ವಿಷಯ. ಮಳೆ ಜೋರಾದಾಗ ಬಸ್ಸಿಗೆ ಕಾಯುವವರೆಲ್ಲ ಜಗಲಿಗೆ ಬಂದು ನಿಲ್ಲುತ್ತಿದ್ದರು. ಹಿಂದೆ ಅವರನ್ನು ಕೆಳಗೆ ಇಳಿಸುವುದೇ ಕಾವಲಿನವರಿಗೆ ದೊಡ್ಡ ಕೆಲಸ. ಈಗ ತುಕ್ಕಿನ ತಗಡು ಅವರ ಪಕ್ಕದಲ್ಲೇ. ಬೀಡಿ ಕಟ್ಟಿ ಬ್ರಾಂಚಿಗೆ ಕೊಡಲು ಹೋಗುವ ಒಬ್ಬರು ಅಕ್ಕ ಒದ್ದೆಯಾಗಬಾರದೆಂದು ಬೀಡಿಯ ಚೀಲವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ತಗಡನ್ನು ನೋಡುತ್ತಾ ನಿಲ್ಲುತ್ತಿದ್ದರು. "ಹೋದ ವಾರ ಇದು ಹೀಗೆ ಇರ್ಲಿಲ್ಲ" ಅಂತ ನನಗೇ ತೋರಿಸಿಕೊಟ್ಟರು. ಒಳಗೆ ಬನ್ನಿ ಅಂದರೆ ಮಾತ್ರ ಬರುತ್ತಿರಲಿಲ್ಲ. ಕೈಯಲ್ಲಿ ನೀರು ಸುರಿಯುವ ಕೊಡೆ, ಕಾಲಲ್ಲಿ ಕೆಸರು, ಒಳಗೆ ಹೊಳೆಯುವ ರೆಡ್ ಆಕ್ಸೈಡ್ ನೆಲ. ಯಾರಿಗೇ ಆದರೂ ಕಾಲಿಡಲು ಮನಸ್ಸು ಬರುವುದಿಲ್ಲ.

ಆಗ ಕಾವಲಿನವರೇ ಒಂದು ಉಪಾಯ ಮಾಡಿದರು. ಬಾಗಿಲ ಬಳಿ ಎರಡು ದೊಡ್ಡ ಬಕೆಟ್ ಇಟ್ಟರು, ಕೊಡೆ ಹಾಕಲು. ಹೊಸ್ತಿಲಿಂದ ಒಳಗೆ ಒಂದಷ್ಟು ದೂರ ಗೋಣಿ ಹಾಸಿದರು. ನೆಲ ಅಷ್ಟು ಚಂದ ಇರುವಾಗ ಗೋಣಿಯೇ ಎಂದು ಕ್ಯುರೇಟರ್ ಮುಖ ಸಿಂಡರಿಸಿದರು. ಗೋಣಿ ಹಾಸಿದ ಸಂಜೆಯೇ ಜಗಲಿಯ ಜನ ಒಳಗೆ ಬಂದರು. ಅಂಥ ಒಂದು ಮಳೆ ಸಂಜೆಯ ಎಣಿಕೆ ಹಿಂದಿನ ಮಳೆಗಾಲದ ಒಂದು ಇಡೀ ವಾರಕ್ಕಿಂತ ಜಾಸ್ತಿ ಇತ್ತು. ಒದ್ದೆ ಜನ ಬಂದರೆ ಒಳಗೆ ತೇವ ಏರುತ್ತದೆ. ಏರಲಿ, ಹೆಂಚಿಗೆ ಅದರಿಂದ ಏನೂ ಆಗುವುದಿಲ್ಲ. ಇದೇ ಜಲವರ್ಣ ಇದ್ದಿದ್ದರೆ ನಾನೇ ಅವರನ್ನು ಹೊರಗೆ ನಿಲ್ಲಿಸಬೇಕಾಗುತ್ತಿತ್ತು.

ಮಳೆಗೆ ನಿಂತವರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಟ್ರಸ್ಟಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ಅವರು ಕಲೆ ನೋಡಲು ಬಂದವರಲ್ಲ ಎಂದು ಕೆಲವರು. ನನ್ನ ಪ್ರಕಾರ ಹಿಡಿಯಬೇಕು. ಉದ್ಘಾಟನೆಗೆ ಬಂದು ಗೋಡೆಗೆ ಬೆನ್ನು ಹಾಕಿ ಹರಟೆ ಹೊಡೆದವರನ್ನು ಹಿಡಿಯುತ್ತೇವೆ, ಬಸ್ಸು ಬರುವವರೆಗೆ ಹೆಂಚುಗಳ ಮೇಲಿನ ಕಾರ್ಖಾನೆಯ ಹೆಸರು ಓದುತ್ತಾ ಕೂತವರನ್ನು ಬಿಡುವುದು ಯಾವ ನ್ಯಾಯ?

ಹಗ್ಗದ ವಿಷಯ ಕ್ಯುರೇಟರ್ ಊಹಿಸಿದ್ದಕ್ಕೆ ತಿರುಗುಮುರುಗಾಯಿತು. ಸೆಪ್ಟೆಂಬರ್‌ನಲ್ಲಿ ನಡುಕೋಣೆ ಬದಲಿಸುವಾಗ ಜನ ಹಗ್ಗದ ಆಚೆ ನಿಂತು ಮಾತಿಗೆ ಶುರು ಮಾಡಿದರು. ಸಿದ್ಧವಾದ ಪ್ರದರ್ಶನದ ಎದುರು ಬಾಯಿ ಬಿಡದವರೂ ಇಲ್ಲಿ ಪ್ರಶ್ನೆ ಕೇಳಿದರು. "ಆಚಾರ್ರೇ, ಅದು ಎಡಕ್ಕೆ ವಾಲಿದೆ" ಅಂತ ಬಡಗಿಗೆ ಹೇಳಿದವರೊಬ್ಬರು ಮಟ್ಟಗೋಲು ಇಟ್ಟು ತೋರಿಸಿದ ಮೇಲೇ ಒಪ್ಪಿದ್ದು. ಚಿತ್ರದ ನಡುಭಾಗ ನೆಲದಿಂದ 58 ಇಂಚಿಗೆ ಬರುವಂತೆ ಹಾಕುವುದು ನಮ್ಮ ಕಸುಬಿನ ಪದ್ಧತಿ. ಒಬ್ಬ ಹುಡುಗ ಹಗ್ಗದ ಕೆಳಗಿನಿಂದ ತಲೆ ಹಾಕಿ "ನಂಗೆ ಕಾಣುದಿಲ್ಲ" ಅಂದ. ರಜೆಯ ಪ್ರದರ್ಶನಕ್ಕೆ ಆ ಎತ್ತರವನ್ನು 50ಕ್ಕೆ ಇಳಿಸಿದೆವು. ದೊಡ್ಡವರು ಸ್ವಲ್ಪ ಬಗ್ಗಿದರು, ಯಾರೂ ದೂರು ಹೇಳಲಿಲ್ಲ.

ಕೈಕೊಟ್ಟದ್ದೂ ಇದೆ. ಸುಡದ ಹಸಿ ಮಣ್ಣಿನ ಒಂದು ಕೃತಿ ಕೆಲವೇ ವಾರಕ್ಕೆ ಕುಸಿದು ಕೂತಿತು. ಮಣ್ಣು ಅಂದರೆ ಮಳೆ ತಡೆಯುತ್ತದೆ ಅನ್ನುವ ಮಾತು ಸುಟ್ಟ ಮಣ್ಣಿಗೆ ಮಾತ್ರ. ಶಬ್ದದ ಕೃತಿಯೊಂದು ಕರೆಂಟ್ ಇದ್ದಾಗ ಮಾತ್ರ ಮಾತಾಡುತ್ತಿತ್ತು. ಜುಲೈಯಲ್ಲಿ ಕರಾವಳಿಯ ಕರೆಂಟಿನ ಕತೆ ಹೇಳಬೇಕಾಗಿಲ್ಲ. ಕಂಪನಿಯ ಅಧಿಕಾರಿ ನೋಡಲು ಬಂದ ದಿನವೇ ಕತ್ತಲು. ಪ್ರೊಜೆಕ್ಟರ್ ಒಂದು ತಂಡಿ ಹಿಡಿದು ಸತ್ತಿತು. ಗೋಣಿ ಮುಗಿಯುವ ಕಡೆ ಒಬ್ಬ ಅಜ್ಜ ಜಾರಿದರು, ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಆಮೇಲೆ ಗೋಣಿ ಹೋಗಿ ರಬ್ಬರ್ ತಳದ ನಾರಿನ ಮ್ಯಾಟ್ ಬಂತು.

ಬೇರೆ ಕಡೆಗೆ ಇದರಲ್ಲಿ ಏನಿದೆ

ನಮ್ಮ ತಾರೀಖುಗಳನ್ನು ಹಾಗೇ ಎತ್ತಿಕೊಂಡು ಹೋದರೆ ಉಪಯೋಗವಿಲ್ಲ. ಕಲಬುರಗಿಯಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಅಲ್ಲಿ ಹಗಲಿನ ರಜೆ ಪ್ರದರ್ಶನ ಯಾರಿಗೆ ಬೇಕು? ಬೆಂಗಳೂರಿನಲ್ಲಿ ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಜನಸಾಗರ ಸೇರುತ್ತದೆ. ಆ ವಾರ ಹತ್ತಿರದ ಯಾವ ಗ್ಯಾಲರಿಯೂ ಬೀಗ ಹಾಕಿರಬಾರದು. ಎತ್ತಿಕೊಳ್ಳಬಹುದಾದದ್ದು ಆ ಹುಡುಗಿ ಮಾಡಿದ ಕೆಲಸ. ಒಂದು ಗೋಡೆ ಕ್ಯಾಲೆಂಡರ್, ಒಂದು ಕೆಂಪು ಪೆನ್ನು, ಊರಿನ ವಿಷಯ ಗೊತ್ತಿರುವ ನಾಲ್ಕು ಜನ. ಕಲೆ ಗೊತ್ತಿರುವವರಷ್ಟೇ ಕೂತರೆ ಪತ್ತನಾಜೆಯ ಮಾತು ಬರುತ್ತಲೇ ಇರಲಿಲ್ಲ.

ಟಿಕೆಟ್ ಇಡುವ ಜಾಗಕ್ಕೆ ಜನ ಮೊದಲೇ ವಿಚಾರಿಸಿ ಹೋಗುತ್ತಾರೆ. ಉಚಿತ ಗ್ಯಾಲರಿಗೆ ದಾರಿಯಲ್ಲಿ ಹೋಗುವಾಗ ನುಗ್ಗುತ್ತಾರೆ, ಹಾಗೆ ನುಗ್ಗುವುದು ಅಭ್ಯಾಸವಾಗಬೇಕು. ಬೀಗ ನೋಡಿ ಎರಡು ಸಲ ವಾಪಸ್ ಹೋದವರಿಗೆ ಆ ಅಭ್ಯಾಸ ಬರುವುದಿಲ್ಲ. ಹಾಗಾಗಿ ಹೊಸ ಪ್ರದರ್ಶನ ಎಷ್ಟು ಅನ್ನುವುದರ ಜೊತೆಗೆ ಬೀಗ ಬಿದ್ದ ದಿನ ಎಷ್ಟು, ಯಾವುವು ಅನ್ನುವುದನ್ನೂ ವರದಿಯಲ್ಲಿ ಬರೆಯಬೇಕು. ಇವರು ಈಗ ಬರೆಯುತ್ತಾರೆ. ಕಂಪನಿ ಅದನ್ನು ಕೇಳಿರಲಿಲ್ಲ, ಆದರೆ ಈಗ ಮೊದಲು ಓದುವುದು ಅದನ್ನೇ ಅಂತೆ.

ಕಲಾವಿದರ ಜೊತೆ ಮಾಡಿಕೊಳ್ಳುವ ಒಪ್ಪಂದ ಪತ್ರವೂ ಬದಲಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಹಾಲಿಗೆ ಕಾಗದ, ಫೋಟೋ, ಬಟ್ಟೆಯ ಮೂಲ ಕೃತಿ ತೆಗೆದುಕೊಳ್ಳುವುದಿಲ್ಲ. ಸಣ್ಣ ಕೋಣೆಯಲ್ಲಿ ತೇವಾಂಶದ ಅಳತೆ ಒಂದು ವಾರ ಶೇ. 60ರ ಒಳಗೆ ನಿಂತ ಮೇಲೇ ಅಲ್ಲಿ ಕೃತಿ ಬಿಚ್ಚುವುದು. ವಿಮೆ ಯಾವುದಕ್ಕೆ ಇಲ್ಲ ಅನ್ನುವುದನ್ನು ಮೊದಲ ಪುಟದಲ್ಲೇ ಕನ್ನಡದಲ್ಲಿ ಬರೆದಿರುತ್ತಾರೆ.

ಈಗ ಹೊಸ ತಕರಾರು ಶುರುವಾಗಿದೆ. ಮಳೆಗಾಲದಲ್ಲಿ ಜನ ಜಾಸ್ತಿ ಅಂತ ಗೊತ್ತಾಗಿ ಫೋಟೋಗ್ರಾಫರ್‌ಗಳು, ಜಲವರ್ಣದವರು ಎಲ್ಲರೂ ಆಟಿ ತಿಂಗಳೇ ಬೇಕು ಅನ್ನುತ್ತಿದ್ದಾರೆ. ಡಿಸೆಂಬರ್ ಕೊಡುತ್ತೇವೆ ಅಂದರೆ ಆಗ ಎಲ್ಲರೂ ಯಕ್ಷಗಾನ, ಕಂಬಳ ಅಂತ ಹೋಗಿರುತ್ತಾರೆ ಅಂತಾರೆ, ಅದೂ ನಿಜವೇ. ಮೂಲ ಪ್ರತಿ ಬಿಟ್ಟು ಅಲ್ಯೂಮಿನಿಯಂ ಹಲಗೆಯ ಮೇಲೆ ಪ್ರಿಂಟ್ ಮಾಡಿಸಿ ಹಾಕಿ, ಮುಗಿದ ಮೇಲೆ ಆ ಪ್ರಿಂಟನ್ನು ಯಾರೂ ಇಟ್ಟುಕೊಳ್ಳುವ ಹಾಗಿಲ್ಲ ಅನ್ನುವ ಷರತ್ತಿಗೆ ಇಬ್ಬರು ಒಪ್ಪಿದ್ದಾರೆ, ಒಬ್ಬರು ಒಪ್ಪಿಲ್ಲ. ಪ್ರಿಂಟಿನ ಖರ್ಚು ಯಾರದ್ದು ಅನ್ನುವುದು ಮುಂದಿನ ಸಭೆಗೆ ಹೋಗಿದೆ.